ಕತ್ತಿನ ಸ್ಕ್ಯಾನ್: ಯಾರಿಗೆ ಬೇಕು, ಯಾವಾಗ ಬೇಕು

‘ಎರಡೂ ಕಡೆ ಅಥೆರೊಸ್ಕ್ಲೆರೊಟಿಕ್ ಚೇಂಜಸ್. ಎಡಗಡೆ ಬಲ್ಬಿನಲ್ಲಿ 2.1 ಮಿ.ಮೀ. ಪ್ಲಾಕ್. ಸಿಗ್ನಿಫಿಕೆಂಟ್ ಸ್ಟೆನೋಸಿಸ್ ಇಲ್ಲ.’ ಕತ್ತಿನ ಡಾಪ್ಲರ್ ಮಾಡಿಸಿಕೊಂಡವರ ಕೈಗೆ ಬರುವ ವರದಿಯ ಕೊನೆಯಲ್ಲಿ ಸಾಮಾನ್ಯವಾಗಿ ಇಂಥ ಎರಡು ಮೂರು ಸಾಲು ಇರುತ್ತವೆ. ಮನೆಗೆ ಬಂದ ಮೇಲೆ ಮಗನೋ ಸೊಸೆಯೋ ಒಂದೊಂದೇ ಪದವನ್ನು ಮೊಬೈಲಿನಲ್ಲಿ ಹುಡುಕುತ್ತಾರೆ. ‘ಪ್ಲಾಕ್’ ಎಂದು ಹಾಕಿದರೆ ‘ಸ್ಟ್ರೋಕ್’ ಎಂದು ಬರುತ್ತದೆ. ಅಲ್ಲಿಗೆ ಮನೆಯವರೆಲ್ಲರ ನಿದ್ದೆ ಹಾರಿಹೋಗುತ್ತದೆ.

ಈ ಸಾಲುಗಳಿಗೆ ಒಂದೇ ಅರ್ಥವಿಲ್ಲ. ಏನೂ ತೊಂದರೆ ಇಲ್ಲದೆ ಹೆಲ್ತ್ ಚೆಕಪ್ ಪ್ಯಾಕೇಜಿನ ಜೊತೆ ಸ್ಕ್ಯಾನ್ ಮಾಡಿಸಿಕೊಂಡವರಿಗೆ ಅದು ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಕಡೆ ಗಮನ ಕೊಡಿ ಎಂಬ ಸೂಚನೆ, ಅಷ್ಟೆ. ಮೂರು ದಿನದ ಹಿಂದೆ ಬಲಗೈ ಸ್ವಾಧೀನ ತಪ್ಪಿ, ಹತ್ತು ನಿಮಿಷದಲ್ಲಿ ಸರಿಹೋದವರಿಗೆ ಅದೇ ಸಾಲು ತುರ್ತಿನ ವಿಷಯ. ನಮ್ಮಲ್ಲಿ ಆಗುತ್ತಿರುವುದು ತಿರುವು ಮುರುವು. ಈ ಸ್ಕ್ಯಾನ್ ಅಷ್ಟೇನೂ ಬೇಡದವರಿಗೆ ರಿಯಾಯಿತಿ ದರದಲ್ಲಿ ಸಿಗುತ್ತಿದೆ. ಇವತ್ತೇ ಆಗಬೇಕಾದವರು ಮನೆಯಲ್ಲಿ ನಿಂಬೆ ಪಾನಕ ಕುಡಿದು ಮಲಗುತ್ತಿದ್ದಾರೆ. ಹಾಗಾಗಿ ಈ ಸ್ಕ್ಯಾನ್ ಏನನ್ನು ನೋಡುತ್ತದೆ, ಏನನ್ನು ನೋಡಲಾರದು ಎಂಬುದನ್ನು ಸಾವಕಾಶವಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಧ್ವನಿಪೆಟ್ಟಿಗೆಯ ಪಕ್ಕದಲ್ಲಿ ಮೆಲ್ಲಗೆ ಬೆರಳಿಟ್ಟರೆ ನಾಡಿ ಬಡಿಯುವುದು ಸಿಗುತ್ತದೆ. ಅದು ಕ್ಯಾರೊಟಿಡ್ ಅಪಧಮನಿ. ಕತ್ತಿನ ಮೇಲ್ಭಾಗದಲ್ಲಿ, ದವಡೆಗೆ ಸ್ವಲ್ಪ ಕೆಳಗೆ ಅದು ಕವಲೊಡೆಯುತ್ತದೆ. ಒಳಗಿನ ಕವಲು ಮಿದುಳಿಗೂ ಕಣ್ಣಿಗೂ ರಕ್ತ ಒಯ್ಯುತ್ತದೆ. ಹೊರಗಿನದು ಮುಖ, ನೆತ್ತಿಗೆ. ಕವಲಿನ ಜಾಗದಲ್ಲಿ ನಾಳ ಸ್ವಲ್ಪ ಉಬ್ಬಿಕೊಂಡಿರುವುದರಿಂದ ರಕ್ತ ನೇರವಾಗಿ ಹರಿಯದೆ ಗೋಡೆಯ ಹತ್ತಿರ ನಿಧಾನವಾಗಿ ಸುಳಿಯುತ್ತದೆ. ವರ್ಷಗಟ್ಟಲೆ ಹೀಗೆ ಸುಳಿದ ಕಡೆಯೇ ಕೊಬ್ಬು ಗೋಡೆಯೊಳಗೆ ಇಳಿಯುತ್ತದೆ, ಅದರ ಸುತ್ತ ಉರಿಯೂತದ ಕೋಶಗಳು ಸೇರುತ್ತವೆ, ನಾರಿನ ಪೊರೆ ಕಟ್ಟುತ್ತದೆ, ಮುಂದೆ ಸುಣ್ಣದ ಅಂಶವೂ ಕೂಡುತ್ತದೆ. ಇದೇ ಪ್ಲಾಕ್. ಬಿಪಿ, ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು, ಕೊಲೆಸ್ಟರಾಲ್, ವಯಸ್ಸು ಎಲ್ಲವೂ ಇದಕ್ಕೆ ಕಾರಣ.

ಲಕ್ವ ಹೊಡೆಯುವುದಕ್ಕೂ ಕತ್ತಿನ ನಾಳಕ್ಕೂ ಇರುವ ನಂಟನ್ನು ಸ್ಪಷ್ಟವಾಗಿ ತೋರಿಸಿದವರು ಕೆನಡಾದ ವೈದ್ಯ ಮಿಲ್ಲರ್ ಫಿಶರ್. ಅದು 1951ರ ಮಾತು. ಅಲ್ಲಿಯವರೆಗೆ ಕಾರಣವನ್ನು ಹೆಚ್ಚಾಗಿ ತಲೆಬುರುಡೆಯ ಒಳಗೇ ಹುಡುಕುತ್ತಿದ್ದರು. ಇಲ್ಲಿ ಒಂದು ಸಾಮಾನ್ಯ ತಪ್ಪು ತಿಳಿವಳಿಕೆ ಇದೆ: ನಾಳ ಪೂರ್ತಿ ಮುಚ್ಚಿಹೋದಾಗ ಲಕ್ವ ಆಗುತ್ತದೆ ಎಂದು. ಮಿದುಳಿನ ಬುಡದಲ್ಲಿ, ಅದಕ್ಕೆ ರಕ್ತ ಒಯ್ಯುವ ನಾಲ್ಕೂ ದೊಡ್ಡ ನಾಳಗಳನ್ನು ಜೋಡಿಸುವ ಒಂದು ಬಳೆಯಾಕಾರದ ಏರ್ಪಾಡಿದೆ. ಅದು ಗಟ್ಟಿಯಾಗಿದ್ದರೆ ಒಂದು ಕಡೆಯ ಕ್ಯಾರೊಟಿಡ್ ನಿಧಾನವಾಗಿ ಮುಚ್ಚಿದರೂ ಗೊತ್ತೇ ಆಗದೆ ಓಡಾಡಿಕೊಂಡಿರುವವರು ಇದ್ದಾರೆ. ಹೆಚ್ಚಿನ ಅಪಾಯ ಬೇರೆ ಕಡೆ ಇದೆ. ಪ್ಲಾಕಿನ ಮೇಲಿನ ತೆಳು ಪೊರೆ ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರು ಕಳಚಿ, ರಕ್ತದ ಜೊತೆ ಮೇಲೆ ಹೋಗಿ, ಮಿದುಳಿನ ಸಣ್ಣ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಪ್ಲಾಕ್ ಎಷ್ಟಿದೆ ಎಂಬುದರಷ್ಟೇ ಎಂಥದ್ದು ಎಂಬುದೂ ಮುಖ್ಯ.

ಅಲ್ಟ್ರಾಸೌಂಡ್ ಎಂದರೆ ಬಸುರಿಯರಿಗೆ ಮಾಡುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಮೇಲೆ ಭ್ರೂಣಲಿಂಗ ಪತ್ತೆ ಶಿಕ್ಷಾರ್ಹ ಅಪರಾಧ ಎಂಬ ಫಲಕ, ಬೆಂಚಿನ ಮೇಲೆ ಗರ್ಭಿಣಿಯರು. ಅವರ ನಡುವೆ ಎಪ್ಪತ್ತರ ಯಜಮಾನರೊಬ್ಬರು ತಮ್ಮ ಸರದಿಗೆ ಕಾಯುತ್ತಾ ಮುಜುಗರಪಡುತ್ತಿರುತ್ತಾರೆ. ಮುಜುಗರಕ್ಕೂ ಭಯಕ್ಕೂ ಕಾರಣವಿಲ್ಲ. ಇದಕ್ಕೆ ಖಾಲಿ ಹೊಟ್ಟೆ ಬೇಡ, ಸೂಜಿ ಇಲ್ಲ, ಎಕ್ಸ್‌ರೇ ಕಿರಣವೂ ಇಲ್ಲ. ಅಂಗಾತ ಮಲಗಿಸಿ, ಗದ್ದ ಸ್ವಲ್ಪ ಮೇಲೆತ್ತಿಸಿ, ಮುಖವನ್ನು ಆಚೆ ಕಡೆ ತಿರುಗಿಸುತ್ತಾರೆ. ಕತ್ತಿಗೆ ತಣ್ಣನೆಯ ಜೆಲ್ ಹಚ್ಚಿ, ಕೊರಳೆಲುಬಿನ ಮೇಲಿಂದ ದವಡೆಯವರೆಗೆ ಪ್ರೋಬನ್ನು ನಿಧಾನವಾಗಿ ಸರಿಸುತ್ತಾರೆ. ಮೊದಲು ಅಡ್ಡಡ್ಡ, ಆಮೇಲೆ ಉದ್ದುದ್ದ.

ಕಪ್ಪು-ಬಿಳುಪು ಚಿತ್ರದಲ್ಲಿ ನಾಳದ ಒಳಭಾಗ ಕಪ್ಪಗೆ, ಗೋಡೆ ಎರಡು ಸಮಾನಾಂತರ ಬಿಳಿ ಗೆರೆಗಳಾಗಿ ಕಾಣುತ್ತದೆ. ಆ ಗೆರೆಗಳ ನಡುವಿನ ಅಂತರವನ್ನು ವರದಿಯಲ್ಲಿ ‘ಐಎಂಟಿ’ ಎಂದು ಬರೆಯುತ್ತಾರೆ. ಒಂದು ಕಾಲದಲ್ಲಿ ಈ ಅಳತೆಗೆ ಬಹಳ ಬೆಲೆ ಇತ್ತು. ಅಪಾಯದ ಲೆಕ್ಕಕ್ಕೆ ಇದನ್ನು ಮಾಮೂಲಿಯಾಗಿ ಅಳೆಯಬೇಕಿಲ್ಲ ಎಂದು ಅಮೆರಿಕದ ಹೃದ್ರೋಗ ಸಂಸ್ಥೆಗಳು 2013ರಲ್ಲೇ ಹೇಳಿವೆ. ಅದರ ಮೇಲೆ ತಲೆ ಕೆಡಿಸಿಕೊಳ್ಳುವುದು ಬೇಡ. ಗೋಡೆ 1.5 ಮಿ.ಮೀ.ಗಿಂತ ದಪ್ಪವಾಗಿದ್ದರೆ, ಇಲ್ಲವೇ ಒಂದು ಕಡೆ ಅರ್ಧ ಮಿಲಿಮೀಟರಾದರೂ ಒಳಕ್ಕೆ ಉಬ್ಬಿಕೊಂಡಿದ್ದರೆ ಅದನ್ನು ಪ್ಲಾಕ್ ಎನ್ನುತ್ತಾರೆ.

ಆಮೇಲೆ ಬಣ್ಣ ಹಾಕುತ್ತಾರೆ. ಪರದೆಯ ಮೇಲೆ ಕೆಂಪು, ನೀಲಿ ಮಿನುಗುತ್ತವೆ. ಕೆಂಪು ಒಳ್ಳೆಯ ರಕ್ತ, ನೀಲಿ ಕೆಟ್ಟ ರಕ್ತ ಎಂದು ಜೊತೆಗೆ ಬಂದವರು ಪಿಸುಗುಟ್ಟುವುದುಂಟು. ಅದು ಹಾಗಲ್ಲ, ರಕ್ತ ಪ್ರೋಬಿನ ಕಡೆಗೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಎಂದು ತೋರಿಸಲು ಯಂತ್ರ ಹಚ್ಚಿದ ಬಣ್ಣ ಅದು. ಕವಲಿನ ಮೇಲೆ ಯಾವುದು ಮಿದುಳಿನ ನಾಳ, ಯಾವುದು ಮುಖದ ನಾಳ ಎಂದು ಗೊತ್ತುಮಾಡಿಕೊಳ್ಳಲು ಅನುಭವಿಗಳು ಒಂದು ಉಪಾಯ ಮಾಡುತ್ತಾರೆ. ಕಿವಿಯ ಮುಂದೆ, ಕಪಾಲದ ನಾಡಿಯ ಮೇಲೆ ಬೆರಳಿನಿಂದ ಪಟಪಟನೆ ತಟ್ಟುತ್ತಾರೆ. ಮುಖದ ನಾಳವಾಗಿದ್ದರೆ ಪರದೆಯ ಅಲೆಯಲ್ಲಿ ಆ ತಟ್ಟುವಿಕೆ ಸಣ್ಣ ಹಲ್ಲುಹಲ್ಲಾಗಿ ಮೂಡುತ್ತದೆ. ಮಿದುಳಿಗೆ ಕ್ಷಣ ಬಿಡದೆ ರಕ್ತ ಬೇಕು. ಹಾಗಾಗಿ ಅದರ ನಾಳದಲ್ಲಿ ಹೃದಯ ಬಡಿತಗಳ ನಡುವೆಯೂ ಹರಿವು ನಿಲ್ಲುವುದಿಲ್ಲ. ತರಬೇತಾದ ಕಿವಿ ಎರಡರ ಸದ್ದಿನಲ್ಲೇ ವ್ಯತ್ಯಾಸ ಹಿಡಿಯುತ್ತದೆ.

ಇನ್ನು ಬ್ಲಾಕ್ ಎಷ್ಟು ಶೇಕಡ ಎಂಬುದು. ಅದನ್ನು ಯಂತ್ರ ನೇರವಾಗಿ ಅಳೆಯುವುದಿಲ್ಲ, ರಕ್ತದ ವೇಗದಿಂದ ಊಹಿಸುತ್ತದೆ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ರಭಸವಾಗಿ ಚಿಮ್ಮುತ್ತದಲ್ಲ, ಹಾಗೆ ನಾಳ ಕಿರಿದಾದ ಕಡೆ ರಕ್ತ ವೇಗವಾಗಿ ನುಗ್ಗುತ್ತದೆ. ಚಲಿಸುವ ವಸ್ತುವಿನಿಂದ ಮರಳಿ ಬರುವ ಅಲೆಯ ಕಂಪನ ಬದಲಾಗುತ್ತದೆ ಎಂಬ, 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಹೇಳಿದ ತತ್ವದಿಂದ ಆ ವೇಗ ಗೊತ್ತಾಗುತ್ತದೆ. ಚಿತ್ರ ಮತ್ತು ವೇಗ ಎರಡನ್ನೂ ಒಂದೇ ಯಂತ್ರದಲ್ಲಿ ಕೂಡಿಸುವ ಕೆಲಸ 1970ರ ದಶಕದಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ನಡೆಯಿತು. 2003ರಲ್ಲಿ ಅಮೆರಿಕದ ತಜ್ಞರು ಪ್ರಕಟಿಸಿದ ಒಪ್ಪಿತ ಮಾನದಂಡವನ್ನು ಈಗಲೂ ಅನೇಕ ಕಡೆ ಬಳಸುತ್ತಾರೆ. ವರದಿಯಲ್ಲಿ ‘ಪಿಎಸ್‌ವಿ’ ಎಂದಿರುವುದು ಅತಿ ಹೆಚ್ಚಿನ ವೇಗ. ಒಳ ಕ್ಯಾರೊಟಿಡ್‌ನಲ್ಲಿ ಅದು ಸೆಕೆಂಡಿಗೆ 125 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಬ್ಲಾಕ್ ಅರ್ಧಕ್ಕಿಂತ ಕಡಿಮೆ. 125ರಿಂದ 230ರವರೆಗೆ ಶೇ 50-69. 230 ದಾಟಿದರೆ ಶೇ 70 ಅಥವಾ ಹೆಚ್ಚು.

ಇಲ್ಲಿ ಮೂರು ಕಡೆ ಎಡವುವ ಸಾಧ್ಯತೆ ಇದೆ. ಮೊದಲನೆಯದು ಕೋನ. ರಕ್ತದ ಹರಿವಿಗೂ ಅಲೆಗೂ ನಡುವಿನ ಕೋನವನ್ನು ಸ್ಕ್ಯಾನ್ ಮಾಡುವವರೇ ಪರದೆಯ ಮೇಲೆ ಹೊಂದಿಸಬೇಕು. ಅದು 60 ಡಿಗ್ರಿ ಮೀರಬಾರದು ಎಂಬುದು ನಿಯಮ. ನಿಜವಾದ ಕೋನ 60 ಇದ್ದು ಅವರು 65 ಎಂದು ಹೊಂದಿಸಿದರೆ, 200 ಇರಬೇಕಾದ ವೇಗವನ್ನು ಯಂತ್ರ 237 ಎಂದು ತೋರಿಸುತ್ತದೆ. ಐದು ಡಿಗ್ರಿ ಕೈತಪ್ಪಿದ್ದಕ್ಕೆ ರೋಗಿ ‘ತೀವ್ರ ಬ್ಲಾಕ್’ ಪಟ್ಟಿಗೆ ಸೇರಿಬಿಡುತ್ತಾರೆ. ಎರಡನೆಯದು ಶೇಕಡದ ಲೆಕ್ಕ. ವ್ಯಾಸ ಅರ್ಧವಾದರೆ ಶೇ 50 ಎನ್ನುತ್ತೇವೆ. ಅದನ್ನೇ ಅಡ್ಡಸೀಳಿನ ವಿಸ್ತೀರ್ಣದಲ್ಲಿ ಹೇಳಿದರೆ ಶೇ 75 ಆಗುತ್ತದೆ. ಒಂದು ಕಡೆ 50, ಇನ್ನೊಂದು ಕಡೆ 75 ಎಂದು ಬಂದರೆ ರೋಗ ಏರಿದೆ ಎಂದು ಬೆದರುವ ಮೊದಲು, ಅಳತೆ ವ್ಯಾಸದ್ದೋ ವಿಸ್ತೀರ್ಣದ್ದೋ ಎಂದು ಕೇಳಬೇಕು. ಮೂರನೆಯದು ಎಲ್ಲಕ್ಕಿಂತ ಮೋಸದ್ದು: ನಾಳ ಇನ್ನೇನು ಮುಚ್ಚಿಹೋಗುವ ಹಂತದಲ್ಲಿ ಹರಿವೇ ಕುಸಿಯುವುದರಿಂದ ವೇಗ ಏರುವ ಬದಲು ಇಳಿಯುತ್ತದೆ. ಬರೀ ಅಂಕಿ ನೋಡಿದವರಿಗೆ ಎಲ್ಲ ಸರಿಯಾಗಿದೆ ಅನ್ನಿಸಬಹುದು. ಇದಕ್ಕೇ ಆಪರೇಷನ್ನಿನ ಮಾತು ಬಂದಾಗ ಸಿಟಿ ಅಥವಾ ಎಂಆರ್ ಆಂಜಿಯೊಗ್ರಾಂನಿಂದ ಖಾತ್ರಿ ಮಾಡಿಕೊಳ್ಳುತ್ತಾರೆ. ಅದು ದುಡ್ಡು ಕೀಳುವ ದಾರಿ ಎಂದು ಅನುಮಾನಿಸಬೇಕಿಲ್ಲ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಇಬ್ಬರಿಗೂ ಶೇ 75 ಬ್ಲಾಕ್ ಇದೆ, ಒಬ್ಬರಿಗೆ ಲಕ್ಷಣ ಕಂಡಿದೆ, ಇನ್ನೊಬ್ಬರಿಗೆ ಇಲ್ಲ ಎಂದಿಟ್ಟುಕೊಳ್ಳಿ. ಇಬ್ಬರ ಅಪಾಯವೂ ಒಂದೇ ಅಲ್ಲ. 1991ರಲ್ಲಿ ಉತ್ತರ ಅಮೆರಿಕದ ನಾಸೆಟ್ ಅಧ್ಯಯನ ಲಕ್ಷಣ ಕಂಡವರ ಅಪಾಯವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಅದರಲ್ಲಿದ್ದವರಿಗೆಲ್ಲ ಅದಾಗಲೇ ಒಮ್ಮೆ ಸಣ್ಣ ಲಕ್ವವೋ ಅದರ ಮುನ್ಸೂಚನೆಯೋ ಬಂದು ಹೋಗಿತ್ತು. ಬ್ಲಾಕ್ ಶೇ 70ರಿಂದ 99. ಬರೀ ಔಷಧಿಯಲ್ಲಿದ್ದವರಲ್ಲಿ ಎರಡು ವರ್ಷದೊಳಗೆ ನೂರಕ್ಕೆ 26 ಮಂದಿಗೆ ಅದೇ ಬದಿಯ ನಾಳದಿಂದ ಲಕ್ವವಾಯಿತು. ನಾಳ ತೆರೆದು ಪ್ಲಾಕ್ ಕೆತ್ತಿ ತೆಗೆದವರಲ್ಲಿ 9 ಮಂದಿಗೆ. ಇನ್ನೊಂದು ಅಧ್ಯಯನ 1995ರದು. ಬ್ಲಾಕ್ ಶೇ 60ಕ್ಕಿಂತ ಹೆಚ್ಚು ಇದ್ದರೂ ಯಾವ ಲಕ್ಷಣವೂ ಕಾಣದವರನ್ನು ನೋಡಿತು. ಅಲ್ಲಿ ಔಷಧಿಯಲ್ಲಿದ್ದವರ ಐದು ವರ್ಷದ ಅಪಾಯ ನೂರಕ್ಕೆ 11, ಆಪರೇಷನ್ ಆದವರಲ್ಲಿ 5. ಅಪಾಯ ತಗ್ಗಿತು ನಿಜ, ಆದರೆ ಎಷ್ಟು ಸಣ್ಣ ಮಟ್ಟದಲ್ಲಿ ನೋಡಿ. ಅದೂ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳು ಮನೆಮಾತಾಗುವ ಮೊದಲು. ಇವತ್ತು ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಂಡರೆ ಲಕ್ಷಣವಿಲ್ಲದವರ ಅಪಾಯ ವರ್ಷಕ್ಕೆ ನೂರಕ್ಕೆ ಒಂದರ ಆಸುಪಾಸಿನಲ್ಲಿದೆ. 2025ರ ಕೊನೆಯಲ್ಲಿ ಪ್ರಕಟವಾದ ಕ್ರೆಸ್ಟ್-2 ಅಧ್ಯಯನದಲ್ಲಿ ಲಕ್ಷಣವಿಲ್ಲದ ತೀವ್ರ ಬ್ಲಾಕಿಗೆ ಒಳ್ಳೆಯ ಔಷಧೋಪಚಾರದ ಜೊತೆ ಸ್ಟೆಂಟ್ ಹಾಕಿದವರಿಗೆ ಲಾಭ ಕಂಡಿತು. ಆಪರೇಷನ್ನಿನ ಲಾಭ ಖಚಿತವಾಗಿ ಸ್ಥಾಪಿತವಾಗಲಿಲ್ಲ. ಹೀಗೆ ಲಕ್ಷಣವಿಲ್ಲದವರ ವಿಷಯದಲ್ಲಿ ತಜ್ಞರ ನಡುವೆ ಚರ್ಚೆ ಇನ್ನೂ ನಡೆದಿದೆ. ಲಕ್ಷಣ ಕಂಡವರ ವಿಷಯದಲ್ಲಿ ಅಂಥ ಚರ್ಚೆ ಇಲ್ಲ.

ಆ ಲಕ್ಷಣ ಹೇಗಿರುತ್ತದೆ? ಬೆಳಿಗ್ಗೆ ಕಾಫಿ ಲೋಟ ಹಿಡಿದ ಅತ್ತೆಯವರ ಕೈಯಿಂದ ಲೋಟ ಜಾರಿ ಬೀಳುತ್ತದೆ. ಸೊಸೆ ಏನಾಯಿತೆಂದು ಕೇಳಿದರೆ ಉತ್ತರ ತೊದಲುತ್ತದೆ, ತುಟಿ ಒಂದು ಕಡೆಗೆ ವಾಲುತ್ತದೆ. ಕುರ್ಚಿ ತಂದು ಕೂರಿಸುವಷ್ಟರಲ್ಲಿ ಮಾತು ಬರುತ್ತದೆ, ಕೈಯೂ ಆಡುತ್ತದೆ. ‘ಏನಿಲ್ಲಮ್ಮ, ಪಿತ್ತ ಜಾಸ್ತಿಯಾಗಿದೆ’ ಎಂದು ಅವರೇ ಹೇಳುತ್ತಾರೆ. ಮನೆಯವರಿಗೂ ಅದೇ ಬೇಕಿರುತ್ತದೆ. ಇನ್ನು ಕೆಲವರಿಗೆ ಒಂದೇ ಕಣ್ಣಿನ ದೃಷ್ಟಿ ಮೇಲಿನಿಂದ ಕೆಳಗೆ ಕಪ್ಪಾಗುತ್ತಾ ಬಂದು, ನಾಲ್ಕೈದು ನಿಮಿಷಕ್ಕೆ ಮರಳಿ ಬರುತ್ತದೆ. ಕನ್ನಡಕ ಬದಲಾಯಿಸಬೇಕೇನೋ ಅಂದುಕೊಳ್ಳುತ್ತಾರೆ. ಎಡಗಡೆ ಕ್ಯಾರೊಟಿಡ್‌ನ ಚೂರು ಮಿದುಳಿಗೆ ಹೋದರೆ ಬಲಗಡೆಯ ಕೈಕಾಲು ಸೋಲುತ್ತದೆ. ಕಣ್ಣಿಗೆ ಹೋದರೆ ಎಡಗಣ್ಣೇ ಮಂಜಾಗುತ್ತದೆ. ಹೀಗೆ ಬಂದು ಹೋಗುವ ಲಕ್ಷಣವನ್ನು ವೈದ್ಯರು ಟಿಐಎ ಎನ್ನುತ್ತಾರೆ. ನೋವಿಲ್ಲ, ಬಂದದ್ದು ಹೋಯಿತು, ಹಾಗಾಗಿ ಮರೆತೂ ಹೋಗುತ್ತದೆ. ಆದರೆ ಪೂರ್ತಿ ಲಕ್ವ ಬರುವ ಅಪಾಯ ಅತಿ ಹೆಚ್ಚಿರುವುದು ಇದಾದ ಮೊದಲ ಎರಡು ದಿನ, ಮೊದಲ ವಾರದಲ್ಲಿ.

ಆ ದಿನಗಳನ್ನು ಬಳಸಿಕೊಂಡರೆ ಏನಾಗುತ್ತದೆ ಎಂಬುದನ್ನು ಆಕ್ಸ್‌ಫರ್ಡ್‌ನ ಪೀಟರ್ ರಾಥ್‌ವೆಲ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ಟಿಐಎ ಅಥವಾ ಸಣ್ಣ ಲಕ್ವ ಆದವರನ್ನು ಅಪಾಯಿಂಟ್‌ಮೆಂಟ್‌ಗಾಗಿ ಕಾಯಿಸದೆ ಕೂಡಲೇ ಪರೀಕ್ಷಿಸಿ, ಅಂದೇ ಮಾತ್ರೆ ಶುರುಮಾಡಿದರು. 90 ದಿನದೊಳಗೆ ಮತ್ತೆ ಲಕ್ವವಾಗುವವರ ಪ್ರಮಾಣ ನೂರಕ್ಕೆ 10ರಿಂದ 2ಕ್ಕೆ ಇಳಿಯಿತು. ಹೊಸ ಔಷಧಿ ಯಾವುದೂ ಇರಲಿಲ್ಲ. ಇದ್ದದ್ದನ್ನೇ ಬೇಗ ಕೊಟ್ಟರು, ಅಷ್ಟೇ. ಕತ್ತಿನ ಆಪರೇಷನ್ ಕೂಡ ಲಕ್ಷಣ ಕಂಡ ಎರಡು ವಾರದೊಳಗೆ ಆದರೆ ಹೆಚ್ಚು ಫಲ. ತಡವಾದಷ್ಟೂ ಲಾಭ ಕರಗುತ್ತದೆ. ಈ ಸ್ಕ್ಯಾನಿನ ನಿಜವಾದ ಬೆಲೆ ಇರುವುದು ಈ ಎರಡು ವಾರದಲ್ಲಿ ಎಂಬುದು ನನ್ನ ದೃಢ ಅಭಿಪ್ರಾಯ.

ಚಿತ್ರ ಬರೀ ಶೇಕಡವನ್ನಷ್ಟೇ ಹೇಳುವುದಿಲ್ಲ. ಸುಣ್ಣ ಕಟ್ಟಿದ ಪ್ಲಾಕ್ ಬೆಳ್ಳಗೆ ಹೊಳೆದು ಹಿಂದೆ ನೆರಳು ಬೀಳಿಸುತ್ತದೆ. ಆ ನೆರಳಿನೊಳಗೆ ಏನಿದೆಯೋ ಕಾಣುವುದಿಲ್ಲ. ಕೊಬ್ಬು, ರಕ್ತಸ್ರಾವ ತುಂಬಿದ ಮೆತ್ತನೆಯ ಪ್ಲಾಕ್ ಕಪ್ಪಗಿರುತ್ತದೆ. ಎಷ್ಟು ಕಪ್ಪೆಂದರೆ, ಬಣ್ಣ ಹಾಕದೆ ನೋಡಿದರೆ ಹರಿಯುವ ರಕ್ತದಿಂದ ಬೇರ್ಪಡಿಸುವುದೇ ಕಷ್ಟ. ಸಾಮಾನ್ಯವಾಗಿ ಈ ಕಪ್ಪು ಪ್ಲಾಕ್‌ಗಳೇ ಹೆಚ್ಚು ಅಪಾಯದವು. ಬಿಳಿಯದನ್ನು ನೋಡಿ ‘ಸುಣ್ಣ ಕಟ್ಟಿದೆಯಂತೆ’ ಎಂದು ಹೆದರುವವರು ಇದನ್ನು ನೆನಪಿಡಬೇಕು. ವರದಿಯಲ್ಲಿ ಪ್ಲಾಕಿನ ಬಣ್ಣ, ಮೇಲ್ಮೈ ನುಣುಪೋ ತರಿತರಿಯೋ ಎಂಬ ವಿವರ ಇದ್ದರೆ ಅದು ಕಾಳಜಿಯಿಂದ ಬರೆದ ವರದಿ.

ಸ್ಕ್ಯಾನ್ ನಾರ್ಮಲ್ ಬಂದರೆ ಲಕ್ವದ ಭಯವಿಲ್ಲ ಎಂದು ತಿಳಿಯುವುದು ಮಾತ್ರ ದೊಡ್ಡ ತಪ್ಪು. ಪ್ರೋಬ್ ದವಡೆಯ ಮೇಲಕ್ಕೆ ಹೋಗಲಾರದು. ತಲೆಬುರುಡೆಯ ಒಳಗಿನ ನಾಳಗಳು ಕಿರಿದಾಗುವುದು ಪಾಶ್ಚಾತ್ಯರಿಗಿಂತ ನಮ್ಮಂಥ ಏಷ್ಯಾದ ಜನರಲ್ಲಿ ಹೆಚ್ಚು. ಅದು ಈ ಸ್ಕ್ಯಾನಿಗೆ ಕಾಣದು. ಹೃದಯದ ಬಡಿತ ಏರುಪೇರಾಗಿ ಅಲ್ಲಿ ಕಟ್ಟುವ ಹೆಪ್ಪು ಇದಕ್ಕೆ ಸಿಗದು, ಆ ಏರುಪೇರನ್ನು ಹಿಡಿಯಲು ಇಸಿಜಿ ಬೇಕು. ಹತೋಟಿ ತಪ್ಪಿದ ಬಿಪಿಯಿಂದ ಮಿದುಳಿನೊಳಗೆ ನಾಳ ಒಡೆದು ರಕ್ತ ಸೋರುವುದಕ್ಕೂ ಕತ್ತಿನ ಪ್ಲಾಕಿಗೂ ನೇರ ಸಂಬಂಧವಿಲ್ಲ. ಇನ್ನು ಎಳೆಯರಲ್ಲಿ ಕತ್ತಿನ ನಾಳದ ಗೋಡೆ ಸೀಳಿ ಲಕ್ವ ಬರುವುದುಂಟು. ಹಾಗಾಗಿ ಕ್ಷೌರದ ಅಂಗಡಿಯಲ್ಲಿ ಕತ್ತನ್ನು ಫಕ್ಕನೆ ತಿರುವಿಸಿ ಲಟಿಕೆ ತೆಗೆಸಿಕೊಳ್ಳುವ ಅಭ್ಯಾಸವನ್ನು ದಯವಿಟ್ಟು ಬಿಟ್ಟುಬಿಡಿ.

ಹಾಗಾದರೆ ಲಕ್ಷಣವಿಲ್ಲದವರಿಗೆಲ್ಲ ಮುನ್ನೆಚ್ಚರಿಕೆಗೆ ಒಂದು ಸ್ಕ್ಯಾನ್ ಮಾಡಿಸಿದರೆ ತಪ್ಪೇನು? ಒಂದು ಸಣ್ಣ ಲೆಕ್ಕ ಹಾಕೋಣ. ಸಾವಿರ ಜನರಲ್ಲಿ ಹತ್ತು ಮಂದಿಗೆ ತೀವ್ರ ಬ್ಲಾಕ್ ಇದೆ, ಸ್ಕ್ಯಾನ್ ಅವರಲ್ಲಿ ಒಂಬತ್ತು ಮಂದಿಯನ್ನು ಹಿಡಿಯುತ್ತದೆ ಎನ್ನೋಣ. ಬ್ಲಾಕ್ ಇಲ್ಲದವರಲ್ಲಿ ನೂರಕ್ಕೆ ಎಂಟು ಮಂದಿಗೆ ತಪ್ಪಾಗಿ ‘ಇದೆ’ ಎನ್ನುತ್ತದೆ ಎಂದೂ ಇಟ್ಟುಕೊಳ್ಳೋಣ. ಆಗ ಒಂಬತ್ತು ನಿಜಕ್ಕೆ ಎಪ್ಪತ್ತೊಂಬತ್ತು ಸುಳ್ಳು ಎಚ್ಚರಿಕೆ. ಅಷ್ಟೂ ಜನ ಆಂಜಿಯೊಗ್ರಾಂಗೆ ಓಡಬೇಕು. ಕೆಲವರು ಆಪರೇಷನ್ ಟೇಬಲ್ಲಿಗೂ ಹೋಗುತ್ತಾರೆ. ಆ ಆಪರೇಷನ್ನಿನಿಂದಲೇ ನೂರಕ್ಕೆ ಎರಡು ಮೂರು ಮಂದಿಗೆ ಲಕ್ವವೋ ಸಾವೋ ಆಗಬಹುದು. ಇದೇ ಕಾರಣಕ್ಕೆ ಅಮೆರಿಕದ ತಜ್ಞರ ಕಾರ್ಯಪಡೆ 2007, 2014 ಮತ್ತು 2021ರಲ್ಲಿ ಮೂರು ಸಲವೂ, ಲಕ್ಷಣವಿಲ್ಲದ ಸಾಮಾನ್ಯ ಜನರಿಗೆ ಈ ತಪಾಸಣೆ ಬೇಡ ಎಂದೇ ಹೇಳಿದೆ.

ಇದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡಬಾರದು. ಸ್ವೀಡನ್ನಿನ ವೆಸ್ಟರ್‌ಬಾಟನ್ ಪ್ರಾಂತ್ಯದಲ್ಲಿ 3,532 ಜನರ ಕತ್ತನ್ನು ಸ್ಕ್ಯಾನ್ ಮಾಡಿ, ಅರ್ಧದಷ್ಟು ಮಂದಿಗೆ ಮತ್ತು ಅವರ ವೈದ್ಯರಿಗೆ ನಾಳದ ಸ್ಥಿತಿಯನ್ನು ಚಿತ್ರರೂಪದಲ್ಲಿ ಕಳಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಂದು ವರ್ಷದ ನಂತರ ಚಿತ್ರ ನೋಡಿದವರ ಹೃದಯ-ನಾಳ ಅಪಾಯದ ಅಂಕ ಉಳಿದವರಿಗಿಂತ ಕಡಿಮೆ ಇತ್ತು. ಕೊಲೆಸ್ಟರಾಲ್ ಎಂಬ ಅಂಕಿಗೆ ಜಗ್ಗದ ಮನಸ್ಸು ತನ್ನದೇ ನಾಳದ ಚಿತ್ರಕ್ಕೆ ಜಗ್ಗುತ್ತದೆ. ಹಾಗಾಗಿ ಸಕ್ಕರೆ ಕಾಯಿಲೆಯೋ ಬಿಪಿಯೋ ಇದ್ದು, ಸ್ಟ್ಯಾಟಿನ್ ಬೇಕೋ ಬೇಡವೋ ಎಂದು ತೂಗುಯ್ಯಾಲೆಯಲ್ಲಿರುವವರಿಗೆ ಅವರ ವೈದ್ಯರೇ ಯೋಚಿಸಿ ಈ ಸ್ಕ್ಯಾನ್ ಬರೆದರೆ ಅದರಲ್ಲಿ ಅರ್ಥವಿದೆ. ಪ್ಯಾಕೇಜಿನ ಪಟ್ಟಿ ಉದ್ದ ಮಾಡಲು ಅದನ್ನು ಸೇರಿಸುವುದರಲ್ಲಿ ಅರ್ಥವಿಲ್ಲ.

ಅಲ್ಪ ಪ್ಲಾಕ್ ಇದೆ ಎಂದು ಬಂದವರಿಗೆ ಬೇಕಾದ್ದು ಬಹುತೇಕ ಸರಳ ಸಂಗತಿಗಳು: ಬಿಪಿ ಹತೋಟಿ, ವೈದ್ಯರು ಹೇಳಿದರೆ ಸ್ಟ್ಯಾಟಿನ್, ತಂಬಾಕಿನಿಂದ ಪೂರ್ತಿ ದೂರ, ಸಕ್ಕರೆಯ ಮೇಲೆ ಕಣ್ಣು, ದಿನಾ ನಡಿಗೆ. ‘ಪ್ಲಾಕ್ ಕರಗಿಸುವ’ ಕಷಾಯಗಳ ಹಿಂದೆ ಬಿದ್ದು ಬಿಪಿ ಮಾತ್ರೆ ನಿಲ್ಲಿಸಿದವರು ಕೊನೆಗೆ ಲಕ್ವದ ವಾರ್ಡಿಗೆ ಬರುವುದುಂಟು. ಆಸ್ಪಿರಿನ್ ಎಲ್ಲರಿಗೂ ಅಲ್ಲ. ಹೊಟ್ಟೆಯಲ್ಲಿ, ಮಿದುಳಿನಲ್ಲಿ ರಕ್ತ ಸೋರುವ ಅಪಾಯವೂ ಅದಕ್ಕಿದೆ, ಕೇಳದೆ ನುಂಗಬಾರದು.

ಮತ್ತೆ ಸ್ಕ್ಯಾನ್ ಮಾಡಿಸಬೇಕಾಗಿ ಬಂದರೆ ಸಾಧ್ಯವಾದಷ್ಟೂ ಅದೇ ಸೆಂಟರಿನಲ್ಲಿ ಮಾಡಿಸಿ. ಹಳೆಯ ವರದಿಯನ್ನೂ ಜೊತೆಗೆ ಒಯ್ದು, ಕೊನೆಯ ಸಾಲಿನ ಬದಲು ಪಿಎಸ್‌ವಿ ಅಂಕಿಗಳನ್ನು ಹೋಲಿಸಲು ಹೇಳಿ. ಲಕ್ಷಣ ಕಂಡು ಹೋಗುತ್ತಿದ್ದರೆ ಚೀಟಿಯಲ್ಲಿ ಬರೀ ‘ಕ್ಯಾರೊಟಿಡ್ ಡಾಪ್ಲರ್’ ಎಂದಿದ್ದರೆ ಸಾಲದು. ಯಾವ ಕೈ, ಯಾವ ಕಣ್ಣು, ಎಷ್ಟು ಹೊತ್ತು, ಯಾವ ದಿನ ಎಂಬುದನ್ನೂ ಬರೆಸಿಕೊಳ್ಳಿ. ಸ್ಕ್ಯಾನ್ ಮಾಡುವವರು ಯಾವ ಬದಿಯನ್ನು ಹೆಚ್ಚು ಹೊತ್ತು ನೋಡಬೇಕು ಎಂಬುದು ಅದರಿಂದ ಗೊತ್ತಾಗುತ್ತದೆ. ಕೈ ಸೋತದ್ದು ಇನ್ನೂ ಸರಿಹೋಗಿಲ್ಲವಾದರೆ ಸ್ಕ್ಯಾನಿಂಗ್ ಸೆಂಟರಿಗೆ ಹೋಗುವುದೇ ತಪ್ಪು. 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಅವಕಾಶವಷ್ಟೇ ಇರುತ್ತದೆ. ಅದನ್ನು ಎಣಿಸುವುದು ಆಸ್ಪತ್ರೆ ತಲುಪಿದ ಹೊತ್ತಿನಿಂದ ಅಲ್ಲ, ರೋಗಿ ಚೆನ್ನಾಗಿದ್ದುದನ್ನು ಮನೆಯವರು ಕೊನೆಯ ಬಾರಿ ಕಂಡ ಹೊತ್ತಿನಿಂದ.